ಹಂಚಿನ ಮನೆಗೆ ಸೋಲಾರ್ ಹಾಕಿಸಿದರೆ ಗಿಟ್ಟುತ್ತಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:

ಊರಲ್ಲಿ ಅಪ್ಪ, ಅಮ್ಮ ಇಬ್ಬರೇ. ಹಂಚಿನ ಮನೆ, ಹಿಂದೆ ಅಡಿಕೆ ತೋಟ. ಏಜೆಂಟ್ ಒಬ್ಬರು ಬಂದು 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ, 78 ಸಾವಿರ ಸಬ್ಸಿಡಿ ಇದೆ, ಐದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಹೇಳಿ ಹೋಗಿದ್ದಾರೆ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇರಲ್ಲ, ಆ ಕಾಟ ತಪ್ಪಿದರೆ ಸಾಕು ಅಂತಾರೆ ಅಪ್ಪ. ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ.

ಹೊಸನಗರದಿಂದ:

ನಿಮ್ಮ ಅಪ್ಪನಿಗೆ ಬೇಕಾಗಿರುವುದು ಒಂದು, ಏಜೆಂಟ್ ಮಾರುತ್ತಿರುವುದು ಇನ್ನೊಂದು. ನಮಗೂ ಹೀಗೇ ಆಯ್ತು.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಸಬ್ಸಿಡಿ ಸಿಗುವುದು ಲೈನಿಗೆ ಜೋಡಿಸಿದ ಸೋಲಾರ್‌ಗೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಅಲ್ಲಿಗೆ 78 ಆಯ್ತು. ಅಷ್ಟು ನಿಜ. ಆದರೆ ಬ್ಯಾಟರಿ ಇಲ್ಲದ ಈ ಆನ್‌ಗ್ರಿಡ್ ಸೋಲಾರ್, ಲೈನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ. ಆಗಲೇಬೇಕು. ಇಲ್ಲದಿದ್ದರೆ ನಮ್ಮ ಮಾಡಿನ ಕರೆಂಟ್ ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು.

ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಮೊದಲ ಮಳೆಗಾಲದಲ್ಲಿ ಟೀಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಮರ ಬಿದ್ದು ಕರೆಂಟ್ ಹೋಯ್ತು. ಮಾರನೇ ದಿನ ಮಳೆ ಹೊಳವಾಗಿ ಒಳ್ಳೆ ಬಿಸಿಲು. ಮಾಡಿನ ಮೇಲೆ ಆರು ಪ್ಯಾನೆಲ್ ಫಳಫಳ ಅಂತಿವೆ, ಒಳಗೆ ಅಮ್ಮ ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಾರೆ! ಇನ್ವರ್ಟರ್ ಮೇಲೆ ಕೆಂಪು ದೀಪ ಒಂದೇ ಮಿಣುಕುತ್ತಿತ್ತು. ಅಪ್ಪ ಅದನ್ನೇ ನೋಡುತ್ತಾ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಇನ್ನು ಯೂನಿಟ್ ಲೆಕ್ಕ. 3 ಕಿಲೋವ್ಯಾಟ್‌ಗೆ ದಿನಕ್ಕೆ 12 ಯೂನಿಟ್ ಅಂತಾರೆ. ಮಾರ್ಚ್‌ನಲ್ಲಿ ನಮಗೆ 13 ಬಂದದ್ದೂ ಇದೆ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ 4 ಬಂದರೆ ಹೆಚ್ಚು. ಒಂದು ದಿನ ಒಂದೂವರೆ ಬಂತು. ಆವತ್ತು ಮಧ್ಯಾಹ್ನವೇ ಲೈಟ್ ಹಾಕಿಕೊಂಡು ಊಟ ಮಾಡಿದ್ದೆವು.

ಮಳೆ ಬಿದ್ದರೆ ಪ್ಯಾನೆಲ್ ತಾನೇ ತೊಳೆದುಕೊಳ್ಳುತ್ತೆ ಅಂತ ನಂಬಿ ಕೂರಬೇಡಿ. ಕೆಳಗಿನ ಅಂಚಿನಲ್ಲಿ ಚೌಕಟ್ಟಿಗೆ ತಾಗಿ ಒಂದು ಬೆರಳಷ್ಟು ನೀರು ನಿಲ್ಲುತ್ತೆ. ಅಲ್ಲಿ ಧೂಳು ಕೂತು, ಹಾವಸೆ ಬೆಳೆದು, ಉದ್ದಕ್ಕೂ ಹಸಿರು ಪಟ್ಟಿ. ನೋಡೋಕೆ ಏನೂ ಅನಿಸಲ್ಲ, ಆದರೆ ಅದು ಕೆಳಗಿನ ಸಾಲಿನ ಸೆಲ್‌ಗಳನ್ನು ಮುಚ್ಚಿದರೆ ಇಡೀ ಪ್ಯಾನೆಲ್ ಸೊರಗುತ್ತೆ. ನಾನು ಬೆಳಿಗ್ಗೆ ಗಾಜು ತಣ್ಣಗಿರುವಾಗ ಹಳೇ ಲುಂಗಿ ಒದ್ದೆ ಮಾಡಿ ಒರೆಸುತ್ತೇನೆ. ಮಾಡು ಜಾರುತ್ತೆ, ವಯಸ್ಸಾದವರನ್ನು ಹತ್ತಿಸಬೇಡಿ.

ಶಿವಮೊಗ್ಗ ಪೇಟೆಯಿಂದ:

ಮೇಲಿನವರು ಹೇಳಿದ್ದು ಕೇಳಿ ಸೋಲಾರೇ ದಂಡ ಅಂದುಕೊಳ್ಳಬೇಡಿ. ನಮ್ಮದು ತಾರಸಿ ಮನೆ, ಸುತ್ತ ಮರ ಇಲ್ಲ. ತಿಂಗಳಿಗೆ 290 ಯೂನಿಟ್ ಉರಿಯುತ್ತಿತ್ತು. 200 ದಾಟಿದ್ದರಿಂದ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು, ಎರಡು ಸಾವಿರದ ಮೇಲೇ. 3 ಕಿಲೋವ್ಯಾಟ್‌ಗೆ ಸಬ್ಸಿಡಿ ಕಳೆದು ಸುಮಾರು 1.20 ಲಕ್ಷ ಕೈಯಿಂದ ಹೋಯ್ತು. ಈಗ ಸರಾಸರಿ 400–500 ಬರುತ್ತೆ, ಅದೂ ನಿಗದಿ ಶುಲ್ಕವೇ ಜಾಸ್ತಿ. ಬೇಸಿಗೆಯಲ್ಲಿ ಹೆಚ್ಚಾದದ್ದು ನೆಟ್ ಮೀಟರ್ ಮೂಲಕ ಲೈನಿಗೆ ಹೋಗುತ್ತೆ. ಆರು ವರ್ಷದಲ್ಲಿ ದುಡ್ಡು ಹುಟ್ಟುತ್ತೆ ಅಂತ ನನ್ನ ಅಂದಾಜು. ಪ್ಯಾನೆಲ್ 25 ವರ್ಷ ಬಾಳುತ್ತೆ, ನಡುವೆ ಇನ್ವರ್ಟರ್ ಒಮ್ಮೆ ಬದಲಿಸಬೇಕಾಗಬಹುದು.

ನಿಮ್ಮ ಮನೆ ಬಿಲ್ ಎಷ್ಟು ಬರುತ್ತೆ, ಅದನ್ನು ಹೇಳಲೇ ಇಲ್ಲವಲ್ಲ?

ಸಾಗರದಿಂದ:

ಅಪ್ಪ ಅಮ್ಮ ಇಬ್ಬರೇ ಅಂದ ಮೇಲೆ ಬಿಲ್ ಸೊನ್ನೆಯೇ ಇರುತ್ತೆ ಬಿಡಿ. ತೋಟದ ಪಂಪ್‌ಸೆಟ್ 10 ಎಚ್‌ಪಿ ಒಳಗಿದ್ದರೆ ಅದಕ್ಕೂ ದುಡ್ಡಿಲ್ಲ. ಇಲ್ಲದ ಬಿಲ್ಲನ್ನು ಉಳಿಸೋಕೆ ಲಕ್ಷ ಸುರಿಯೋದು ಯಾಕೆ ಮಾರಾಯ್ರೆ?

ನಾವು ಲೈನಿನ ಸಹವಾಸವೇ ಬೇಡ ಅಂತ ಸಣ್ಣದು ಮಾಡಿಕೊಂಡೆವು. 330 ವ್ಯಾಟ್‌ನ ಎರಡು ಪ್ಯಾನೆಲ್, 150 ಎಎಚ್‌ನ ಎರಡು ಬ್ಯಾಟರಿ, ಒಂದು ಸೋಲಾರ್ ಇನ್ವರ್ಟರ್. ಸುಮಾರು 80 ಸಾವಿರ ಆಯ್ತು, ಸಬ್ಸಿಡಿ ಇಲ್ಲ. ಎರಡು ಬ್ಯಾಟರಿ ಸೇರಿ ಲೆಕ್ಕಕ್ಕೆ 3.6 ಯೂನಿಟ್. ಅರ್ಧದಷ್ಟೇ ಖರ್ಚು ಮಾಡಿದರೆ ಬ್ಯಾಟರಿ ಬಾಳಿಕೆ ಬರುತ್ತೆ. ಎಲ್‌ಇಡಿ ಬಲ್ಬು, ವೈಫೈ, ಮೊಬೈಲ್, ಸಂಜೆ ಟೀವಿ, ಇಷ್ಟಕ್ಕೆ ಎರಡು ದಿನ ಧಾರಾಳ. ಫ್ರಿಜ್ ಹಾಕಬೇಡಿ. ಐದಾರು ವರ್ಷಕ್ಕೆ ಬ್ಯಾಟರಿ ಬದಲಿಸುವ ಖರ್ಚು ಇದ್ದೇ ಇದೆ, ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳಬೇಕು. ಹಾಕಿದ ದುಡ್ಡು ಬಂತಾ ಅಂದರೆ ಬರಲಿಲ್ಲ, ಬರೋದೂ ಇಲ್ಲ. ನಾಲ್ಕು ಊರಿನ ಕತ್ತಲಲ್ಲಿ ನಮ್ಮ ಮನೆ ಜಗಲಿ ದೀಪ ಉರಿಯುತ್ತೆ. ಕರೆಂಟ್‌ಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ನೆಲ ಬಿಟ್ಟುಕೊಟ್ಟವರ ಮೊಮ್ಮಗ ನಾನು, ಸೋಲಾರ್ ಕರೆಂಟ್‌ನಲ್ಲಿ ಇದನ್ನು ಬರೆಯುತ್ತಿದ್ದೇನೆ, ತಮಾಷೆ ಅಲ್ವಾ?

ಸಿಡಿಲಿನ ವಿಷಯ ಮರೆಯಬೇಡಿ. ಏಪ್ರಿಲ್, ಮೇ ಗುಡುಗಿಗೆ ನಮ್ಮ ಮೊದಲ ಇನ್ವರ್ಟರ್ ಸುಟ್ಟು ಹೋಯ್ತು. ಹಾಕಿದವರು ಅರ್ಥಿಂಗ್ ಅಂತ ಒಂದು ಗೇಣು ಸರಳು ನೆಟ್ಟು ಹೋಗಿದ್ದರು. ಸರಿಯಾದ ಗುಂಡಿ ತೋಡಿಸಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಆಮೇಲೇ ಕೊನೆಯ ಕಂತು ಕೊಡಿ.

ಕೊಪ್ಪದಿಂದ:

ನೀರು ಕಾಯಿಸುವ ಸೋಲಾರ್ ಕೂಡ ಸೇರಿಸಿ ಕೊಡ್ತೀವಿ ಅಂದರೆ ಬೇಡ ಅನ್ನಿ. ಆಟಿ ಮಳೆಯಲ್ಲಿ ಮತ್ತೆ ಹಂಡೆ ಒಲೆಗೇ ಬರಬೇಕು.

ಕೇಳಿದವರಿಂದ ಮತ್ತೆ:

ಅಮ್ಮನ ಹತ್ತಿರ ಬಿಲ್ ತೆಗೆಸಿ ನೋಡಿದೆ. ತಿಂಗಳಿಗೆ 74 ಯೂನಿಟ್, ಕಟ್ಟಬೇಕಾದದ್ದು ಸೊನ್ನೆ. ಸಾಗರದವರ ದಾರಿಯೇ ಸರಿ ಅನಿಸ್ತಿದೆ. ಹಂಚಿನ ಮಾಡು ಹಳೇದು, ಪಕಾಸಿ ಭಾರ ತಡೆಯುತ್ತೋ ಇಲ್ಲವೋ, ಮೇಲಿಂದ ಮಂಗಗಳು ಬೇರೆ. ಕೊಟ್ಟಿಗೆ ಶೀಟಿನ ಮೇಲೆ ಹಾಕಿಸೋಣ ಅಂತ. ಪಕ್ಕದಲ್ಲಿ ಒಂದು ಹಲಸಿನ ಮರ ಇದೆ. ಅದನ್ನು ಮುಟ್ಟೋಕೆ ಅಪ್ಪ ಬಿಡಲ್ಲ. ನಾಳೆ ಹತ್ತರಿಂದ ಮೂರರವರೆಗೆ ನೆರಳು ಎಲ್ಲಿ ಬೀಳುತ್ತೆ ನೋಡಿ ಫೋಟೊ ಹಾಕ್ತೀನಿ.

ಹೊಸನಗರದಿಂದ:

ಮರ ಕೊಟ್ಟಿಗೆಯ ಯಾವ ದಿಕ್ಕಿಗಿದೆ? ದಕ್ಷಿಣಕ್ಕಿದ್ದರೆ ಈಗಿನ ನೆರಳು ನೋಡಿ ಜಾಗ ಗುರುತು ಮಾಡಬೇಡಿ. ಡಿಸೆಂಬರ್‌ನಲ್ಲಿ ಸೂರ್ಯ ಆ ಕಡೆ ವಾಲಿದಾಗ ನೆರಳು ಉದ್ದ ಆಗುತ್ತೆ. ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ನೆರಳು ಎಲ್ಲಿಗೆ ಬರುತ್ತೆ ಅಂತ ಅಪ್ಪನನ್ನೇ ಕೇಳಿ. ಅಡಿಕೆ ಒಣಗಿಸಿದವರಿಗೆ ಅದು ಅಂಗೈ ಗೆರೆಯಷ್ಟು ಗೊತ್ತಿರುತ್ತೆ.