ಎರೆ ಭೂಮಿಯ ವೃಕ್ಷವನ: ದಾಖಲೆ, ಫಲಕ, ಬೀಜದ ಕೆಲಸ ಹೇಗೆ?

ಎರೆಹೊಲ_ಕುಷ್ಟಗಿ:
ಕುಷ್ಟಗಿ ತಾಲ್ಲೂಕಿನ ನಮ್ಮೂರ ಶಾಲೆಗೆ ಹತ್ತಿಕೊಂಡೇ ಎರಡು ಎಕರೆ ಎರೆ (ಕಪ್ಪು ಮಣ್ಣಿನ) ಭೂಮಿ ಇದೆ. ಬೇವು, ಹೊಂಗೆ, ಬನ್ನಿ, ಕಮರ, ತಪಸಿ, ಮುತ್ತುಗ, ಕಕ್ಕೆ ಎಲ್ಲ ಸೇರಿ 26 ಜಾತಿಯ ಗಿಡಗಳಿವೆ. ಬರೀ ನೆರಳಿನ ತೋಪಾಗಿ ಬಿಡದೆ ಮಕ್ಕಳ ಕಲಿಕೆಗೆ, ಊರಿಗೆ ಸಸಿ ಕೊಡಲಿಕ್ಕೆ ಬಳಸಬೇಕು. ಮೊದಲು ಏನು ಮಾಡಬೇಕ್ರೀ?

ತುಂಗಭದ್ರಾ_ದಂಡೆ:
ರಿಜಿಸ್ಟರ್ ಇಡ್ರಿ. ತೋಪು ವೃಕ್ಷವನ, ಅಂದ್ರೆ ಕಲಿಕೆಗೂ ಸಂಶೋಧನೆಗೂ ದಾಖಲೆ ಇಟ್ಟು ಬೆಳೆಸಿದ ಮರಗಳ ಸಂಗ್ರಹ, ಆಗೋದು ಅದರಿಂದಲೇ. ಪ್ರತಿ ಗಿಡಕ್ಕೂ ಒಂದು ಸಂಖ್ಯೆ: 2025-014 ಅಂದ್ರೆ 2025ರಲ್ಲಿ ದಾಖಲಾದ 14ನೇ ಗಿಡ. ಗಿಡ ಸತ್ತರೂ ಆ ಸಂಖ್ಯೆ ಇನ್ನೊಂದಕ್ಕೆ ಕೊಡಬಾರದು. ಹಳೆಯದರ ಅಳತೆ ಹೊಸದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಬೀಜ ಯಾವ ಊರಿನ ಮರದ್ದು ಅಂತ ಬರೆಯಲೇಬೇಕು, ಇಲ್ಲದಿದ್ದರೆ ಸಂಶೋಧನೆಗೆ ಆ ಮರದ ಉಪಯೋಗ ಅರ್ಧ ಹೋದಂತೆ. ಸಸ್ಯಶಾಸ್ತ್ರದ ಹೆಸರೂ ಇರಲಿ. ಬರೀ ‘ಜಾಲಿ’ ಅಂದ್ರೆ ಕರಿಜಾಲಿಯೋ, ಬಿಳಿಜಾಲಿಯೋ, ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯೋ?

ಸುತ್ತಳತೆ ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಆ ಜಾಗಕ್ಕೆ ಬಣ್ಣದ ಗೆರೆ ಹಾಕಿ, ಇಲ್ಲವಾದರೆ ಪ್ರತಿ ಸಲ ಟೇಪು ಬೇರೆ ಕಡೆ ಸುತ್ತಿ ಮರ ಸಣ್ಣಗಾದಂತೆ ಕಾಣುತ್ತದೆ.

ಮಕ್ಕಳಿಗೆ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ನೋಡುವ ಕೆಲಸ ಕೊಡಿ: ಇಲ್ಲ, ಸ್ವಲ್ಪ, ಬಹಳ. ‘ಇಲ್ಲ’ ಅನ್ನೋದನ್ನೂ ಬರೆಸಿ. ಖಾಲಿ ಬಿಟ್ಟರೆ ಹೂವಿರಲಿಲ್ಲವೋ, ಯಾರೂ ನೋಡಲಿಲ್ಲವೋ ಗೊತ್ತಾಗದು. ಬೇವು, ಹೊಂಗೆ, ಕಕ್ಕೆ ಹೂಬಿಡುವ ಹೊತ್ತಿಗೇ ಬೇಸಿಗೆ ರಜೆ ಬರುತ್ತದೆ. ಏಪ್ರಿಲ್, ಮೇ ತಿಂಗಳಿಗೆ ಹತ್ತಿರದ ಮನೆಯ ಇಬ್ಬರು ಮಕ್ಕಳನ್ನು ಈಗಲೇ ಗೊತ್ತುಮಾಡಿ.

ಅಂದಹಾಗೆ, ಆರ್ಬ್‌ನೆಟ್ ಎಂಬ ಸಂಸ್ಥೆ ವೃಕ್ಷವನಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಮೊದಲ ಹಂತಕ್ಕೆ ಕನಿಷ್ಠ 25 ಜಾತಿ ಇರಬೇಕು. ನಿಮ್ಮಲ್ಲಿ ಆಗಲೇ ಒಂದು ಹೆಚ್ಚೇ ಇದೆ.

ಮಸಾರಿ_ಸಿಂಧನೂರು:
ಗಿಡದ ಹೆಸರಿನ ಫಲಕವನ್ನು ಬೈಂಡಿಂಗ್ ವೈರಿನಿಂದ ಕಾಂಡಕ್ಕೆ ಬಿಗಿಯಬೇಡಿ. ಕಾಂಡ ದಪ್ಪಗಾದಂತೆ ತಂತಿ ತೊಗಟೆಯೊಳಗೆ ಕೂರುತ್ತದೆ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ನಿಲ್ಲುತ್ತದೆ. ತಂತಿಯ ಮೇಲ್ಭಾಗ ಉಬ್ಬಿದ್ದರೆ ಅದೇ ಗುರುತು, ತಕ್ಷಣ ಕತ್ತರಿಸಿ. ಅಕ್ಷರ ಕೊರೆದ ಅಲ್ಯೂಮಿನಿಯಂ ತಗಡನ್ನು ಗೂಟಕ್ಕೆ ಹಾಕಿ. ಎರೆ ಬೇಸಿಗೆಯಲ್ಲಿ ಬಿರಿಯುವುದರಿಂದ ಗೂಟ ವಾಲುತ್ತದೆ. ಒಂದೂವರೆ ಅಡಿ ಆಳಕ್ಕೆ ಇಳಿಸಿ ಸುತ್ತ ಗರಸು (ಜಲ್ಲಿಯಂಥ ಮಣ್ಣು) ತುಂಬಿ ಬಡಿಯಬೇಕು.

ಎರೆಹೊಲ_ಕುಷ್ಟಗಿ:
ಸಸಿ ಮಾಡಲು ಬೀಜ ಕೂಡಿಸಿಟ್ಟುಕೊಳ್ಳಬಹುದಾ ಸರ್? ಬೇವಿನದು ಬಹಳ ಬೀಳುತ್ತದೆ.

ನರ್ಸರಿ_ಕಂಪ್ಲಿ:
ಬೇವಿನದು ಕೂಡಿಸಿಡಬೇಡಿ. ಎರಡು ಮೂರು ವಾರದಲ್ಲಿ ಮೊಳೆಯುವ ಶಕ್ತಿ ಇಳಿದುಹೋಗುತ್ತದೆ. ಹಳದಿ ಹಣ್ಣನ್ನು ಆಯ್ದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಅದೇ ವಾರ ಬಿತ್ತಬೇಕು. ಹುಣಸೆ ಬೀಜ ವರ್ಷವಾದರೂ ತಡೆಯುತ್ತದೆ. ಕಕ್ಕೆಯ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗದು. ಒಂದು ಬದಿಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ರಾತ್ರಿಯಿಡೀ ನೆನೆಸಿ. ಉಬ್ಬದ ಬೀಜ ಮತ್ತೆ ಉಜ್ಜಬೇಕು.

ಕಮರದ ತಾಯಿಬೇರು ಬೇಗ ಆಳಕ್ಕೆ ಹೋಗುತ್ತದೆ. ಸಣ್ಣ ಚೀಲದಲ್ಲಿ ಬಿಟ್ಟರೆ ತಳದಲ್ಲಿ ಸುರುಳಿ ಸುತ್ತುತ್ತದೆ, ಅಂಥ ಸಸಿ ಮುಂದೆ ನಿಲ್ಲುವುದು ಕಷ್ಟ. ಮಳೆ ಹಿಡಿದ ಮೇಲೆ ಬೀಜವನ್ನೇ ಜಾಗಕ್ಕೆ ಹಾಕೋದು ವಾಸಿ. ನೀರು ನಿಲ್ಲುವ ಎರೆಯಲ್ಲಿ ಅರ್ಧ ಅಡಿ ದಿಬ್ಬದ ಮೇಲೆ ಹಾಕಿ.

ಊರಿಗೆ ಕೊಡುವ ಪ್ರತಿ ಸಸಿಗೂ ತಾಯಿಮರದ ಸಂಖ್ಯೆ ಬರೆದ ಚೀಟಿ ಕಟ್ಟಿ. ಬೀಜವನ್ನು ಒಂದೇ ಮರದ್ದು ಕೂಡಿಸದೆ ದೂರದೂರದ ಹತ್ತು ಮರಗಳಿಂದಾದರೂ ತನ್ನಿ.