ಬಡ ದೇಶಗಳಿಗೆ ಕೋವಿಡ್ ಕೊಟ್ಟ ಪೆಟ್ಟು ನಿಜಕ್ಕೂ ಕಡಿಮೆಯೇ?

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಕಾರವಾರ

ಅಭಿವೃದ್ಧಿಶೀಲ ದೇಶಗಳಲ್ಲಿ ಯುವಜನರೇ ಹೆಚ್ಚಾದ್ದರಿಂದ ಕೋವಿಡ್ ಅಲ್ಲಿ ಅಷ್ಟಾಗಿ ಹಾನಿ ಮಾಡಲಿಲ್ಲ ಎಂಬ ವಾದವನ್ನು ಸೆಮಿನಾರಿಗಾಗಿ ಓದುವಾಗ ಮತ್ತೆ ಮತ್ತೆ ಕಂಡೆ. 2020ರ ಬೇಸಿಗೆಯಲ್ಲಿ ಬೈತಖೋಲ ಬಂದರಿನಲ್ಲಿ ಸಾಲಾಗಿ ಕಟ್ಟಿಹಾಕಿದ್ದ ಬೋಟುಗಳನ್ನು ನೋಡಿದ್ದ ನನಗೆ ಇದನ್ನು ಒಪ್ಪಲಾಗುತ್ತಿಲ್ಲ. ತಿಳಿದವರು ವಿವರಿಸುವಿರಾ?

ಉತ್ತರ: ನಿವೃತ್ತ ಉಪನ್ಯಾಸಕ, ಶಿರಸಿ

ವಯಸ್ಸಿನ ಲೆಕ್ಕ ಸುಳ್ಳಲ್ಲ, ಆದರೆ ಅದು ಅರ್ಧ ಲೆಕ್ಕ. 2020 ಮತ್ತು 2021ರಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸುಮಾರು 1.49 ಕೋಟಿ ಸಾವುಗಳಲ್ಲಿ ಶೇ. 81ರಷ್ಟು ಮಧ್ಯಮ ಆದಾಯದ ದೇಶಗಳಲ್ಲೇ ಆದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಜನಸಂಖ್ಯೆಯೂ ಅಲ್ಲಿಯೇ ಹೆಚ್ಚು, ನಿಜ. ಭಾರತ ಸರ್ಕಾರ ಈ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ ಎಂಬುದನ್ನೂ ಸೆಮಿನಾರಿನಲ್ಲಿ ಹೇಳಿಬಿಡಿ.

ಪೆರು ದೇಶವನ್ನು ನೋಡಿ. ನಮಗಿಂತ ಮೊದಲೇ, 2020ರ ಮಾರ್ಚ್ ಮಧ್ಯದಲ್ಲಿ ಅದು ಬಿಗಿಯಾದ ಲಾಕ್‌ಡೌನ್ ಹೇರಿತು. ಆದರೂ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಸಾವು ಕಂಡ ದೇಶಗಳಲ್ಲಿ ಒಂದಾಯಿತು. ಅಲ್ಲಿನ ಸುಮಾರು ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇರದ ಕಾರಣ ಜನ ಪದೇ ಪದೇ ಸಂತೆಗೆ ಹೋಗಲೇಬೇಕಿತ್ತು, ಪರಿಹಾರದ ಹಣಕ್ಕಾಗಿ ಖಾತೆಯಿಲ್ಲದವರು ಬ್ಯಾಂಕುಗಳ ಮುಂದೆ ಸಾಲುಗಟ್ಟಬೇಕಿತ್ತು. ಸೋಂಕಿಗೆ ಅಷ್ಟು ಸಾಕಾಯಿತು.

ಉತ್ತರ: ಮೀನು ಮಾರುವವರ ಮಗ, ಕಾರವಾರ

ನನ್ನ ಅಮ್ಮನದು ಬುಟ್ಟಿ ವ್ಯಾಪಾರ. ಬೆಳಿಗ್ಗೆ ಬಂದರಿನಲ್ಲಿ ಉದ್ರಿಗೆ ಬಂಗುಡೆ ಎತ್ತಿ, ಸಂಜೆ ಹಣ ಮುಟ್ಟಿಸಿ, ಉಳಿದದ್ದರಲ್ಲಿ ಅಕ್ಕಿ ತರುವುದು ಅವಳ ಲೆಕ್ಕ. ಮಾರ್ಚ್ 25ಕ್ಕೆ ಅದು ನಿಂತಿತು. ಜನಧನ ಖಾತೆಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಬಂತು. ಅವಳ ಸಂಘದ ವಾರದ ಕಂತೇ ಅದಕ್ಕಿಂತ ಹೆಚ್ಚಿತ್ತು. ಪಡಿತರ ಅಕ್ಕಿ ಮಾತ್ರ ತಪ್ಪಲಿಲ್ಲ, ಅದನ್ನು ಹೇಳದಿದ್ದರೆ ತಪ್ಪಾದೀತು. ಮೀನುಗಾರಿಕೆಗೆ ಅನುಮತಿ ಸಿಕ್ಕ ಮೇಲೂ ಹೊರರಾಜ್ಯದ ಖಲಾಸಿಗಳು ಊರಿಗೆ ಹೊರಟುಹೋಗಿದ್ದರಿಂದ ನಮ್ಮ ಪರಿಚಯದ ದೊಡ್ಡ ಬೋಟುಗಳು ಕದಲಲಿಲ್ಲ. ಮಳೆಗಾಲದ ನಿಷೇಧವನ್ನು ಕೇಂದ್ರ ಆ ವರ್ಷ ಜೂನ್ 1ರ ಬದಲು 15ರಿಂದ ಆರಂಭಿಸಿತು, ಆದರೆ ಕಡಲು ಆದೇಶ ಓದುವುದಿಲ್ಲವಲ್ಲ. ಅಮ್ಮನ ಎರಡು ಬಳೆಗಳು ಜುಲೈನಲ್ಲಿ ಅಡಮಾನಕ್ಕೆ ಹೋದವು, ಒಂದು ಮಾತ್ರ ಮರಳಿತು.

ಪ್ರಶ್ನೆ ಕೇಳಿದವರು

ಹಾಗಾದರೆ ಈ ನಷ್ಟವನ್ನು ಯಾವ ದಾಖಲೆಯಿಂದ ತೋರಿಸಲಿ?

ಉತ್ತರ: ನಿವೃತ್ತ ಉಪನ್ಯಾಸಕ, ಶಿರಸಿ

ಬಂದರಿನ ಹರಾಜು ಪುಸ್ತಕ ಸಿಕ್ಕಿದರೆ 2019 ಮತ್ತು 2020ರ ಏಪ್ರಿಲ್, ಮೇ ತಿಂಗಳುಗಳನ್ನು ಹೋಲಿಸಿ.

ಉತ್ತರ: ಮೀನು ಮಾರುವವರ ಮಗ, ಕಾರವಾರ

ಬುಟ್ಟಿಯವರ ಉದ್ರಿ ಲೆಕ್ಕ ಆ ಪುಸ್ತಕದಲ್ಲಿ ಇರುವುದಿಲ್ಲ. ಅವರನ್ನು ಬಾಯಿಬಿಟ್ಟು ಕೇಳಬೇಕು, ಅದೂ ಮಧ್ಯಾಹ್ನ ಒಂದರ ನಂತರ, ಮಾರುಕಟ್ಟೆ ತಣ್ಣಗಾದ ಮೇಲೆ.