ತೀರ್ಥಹಳ್ಳಿ ಕಡೆ ನಾಯಿಗೂ ಒಳಗೆ ಜಾಗ ಕೊಡುವ ಹೋಂಸ್ಟೇ ಬೇಕು

ನಮಸ್ಕಾರ. ದೀಪಾವಳಿ ಮುಗಿದ ತಕ್ಷಣ ಬೆಂಗಳೂರಿನಿಂದ ಕಾರಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಹೊರಟಿದ್ದೇವೆ. ಅಮ್ಮ, ಮಕ್ಕಳು, ಜೊತೆಗೆ ನಮ್ಮ ಲ್ಯಾಬ್ರಡಾರ್ ಚಿನ್ನಿ. ಅವಳನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಫೋನ್ ಮಾಡಿದ ಕಡೆಯೆಲ್ಲ "ನಾಯಿ ಪರವಾಗಿಲ್ಲ, ಹೊರಗೆ ಕಟ್ಟಿ" ಅಂತಾರೆ. ಚಿರತೆ ಓಡಾಡುವ ಸೀಮೆಯಲ್ಲಿ ರಾತ್ರಿ ಹೊರಗೆ ಕಟ್ಟೋದು ಹೇಗೆ? ನಮ್ಮ ಜೊತೆ ರೂಮಲ್ಲೇ ಮಲಗಲು ಬಿಡುವ, ಸುತ್ತ ಬೇಲಿ ಇರುವ ತೋಟದ ಮನೆ ಗೊತ್ತಿದ್ದರೆ ದಯವಿಟ್ಟು ಹೇಳಿ.

ಇನ್ನೊಂದು ಚಿಂತೆ ಉಣುಗಿನದು. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅದಕ್ಕೇ ಮೊದಲೇ ಹೋಗಿ ಬರೋಣ ಅಂತಿದ್ದೇವೆ. ಕಾಡಿನೊಳಗೆ ಹೋಗಲ್ಲ, ಸುತ್ತಾಡಿ ಬಂದ ಮೇಲೆ ಅವಳ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ನೋಡುತ್ತೇವೆ. ಮಲೆನಾಡಲ್ಲಿ ನಾಯಿ ಸಾಕಿದವರು ಬೇರೆ ಏನು ಮಾಡ್ತೀರಿ? ಹತ್ತಿರದಲ್ಲಿ ಒಳ್ಳೆಯ ಪಶುವೈದ್ಯರು ಸಿಗ್ತಾರಾ? ತುಂಗೆಯಲ್ಲಿ ಸೆಳೆತ ಇಲ್ಲದ ಕಡೆ ಅವಳನ್ನು ನೀರಿಗೆ ಬಿಡಬಹುದಾದ ಜಾಗವೂ ತಿಳಿಸಿ.